ನೆಲದಡಿಯ ವಿದ್ಯುತ್ ಟ್ಯಾಂಕು

ವಿದ್ಯುತ್ತಿಗೆ ಸೀಮೆಎಣ್ಣೆ ಬೆರೆಸಿ ಮಾರಬಾರದಂತೆ. ಬೆರೆಸಿದ್ದು ಕಂಡುಬಂದರೆ ಅನುಮತಿ ರದ್ದಂತೆ. ಟೈಲ್ಸ್ ಹಾಕುವ ಕೆಲಸದ ಗಂಡ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಪುರಸಭೆಯ ನಿಯಮಗಳನ್ನು ಗಟ್ಟಿಯಾಗಿ ಓದುತ್ತಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಒಲೆಯ ಮುಂದೆ ನಿಂತಿದ್ದ ಹೆಂಡತಿಗೆ ಒಂದಿಷ್ಟೂ ನಗು ಬರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಮನೆಯಂಗಳದಲ್ಲಿ ಒಂದು ಚಾರ್ಜಿಂಗ್ ಪೆಟ್ಟಿಗೆ ಹಾಕಿಕೊಳ್ಳಲು ಅಪ್ಪಣೆ, ಆ ಅಪ್ಪಣೆಯ ಕೆಳಗೆ ಒಂದು ಮೊಹರು, ಅಷ್ಟೆ.

“ಇಲ್ಕೇಳೇ, ಇನ್ನೂ ಇದೆ. ‘ಬಾಟಲಿ, ಕ್ಯಾನು, ಕೊಡ ಮುಂತಾದವುಗಳಲ್ಲಿ ವಿದ್ಯುತ್ ತುಂಬಿಸಿ ಕೊಡತಕ್ಕದ್ದಲ್ಲ.’ ನಮ್ಮಮ್ಮ ಕೊಡ ಹಿಡ್ಕೊಂಡು ಹೊರಟುಬಿಟ್ಟಾಳು, ಈಗಲೇ ಹೇಳಿಡು!”

“ನಿಮಗೆ ನಗೋಕೆ ಏನಾದ್ರೂ ಸಿಕ್ಕಿದ್ರೆ ಸಾಕು. ನಾವು ಏನೇನು ಮಾಡ್ಬೇಕಂತೆ, ಅದನ್ನ ಓದಿ ಮೊದಲು.”

ಗಂಡ ಹಾಳೆ ತಿರುವಿದ. “ಕಲಂ ಏಳು. ‘ವಿದ್ಯುತ್ತನ್ನು ನೆಲದಡಿಯಲ್ಲಿ ಹೂತ ಟ್ಯಾಂಕಿನಲ್ಲಿಯೇ ಸಂಗ್ರಹಿಸತಕ್ಕದ್ದು. ಟ್ಯಾಂಕು ಸೋರದಿರುವ ಬಗ್ಗೆ ಸ್ಥಳದಲ್ಲಿ ಪರಿಶೀಲನೆ ಆಗತಕ್ಕದ್ದು.’” ಓದಿದವನೇ ಅದೇ ಸಾಲನ್ನು ಇನ್ನೊಮ್ಮೆ ಬಾಯೊಳಗೆ ಓದಿಕೊಂಡ. ಅವನ ನಗು ನಿಂತುಹೋಯಿತು.

ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು. “ಏನದು, ಕರೆಂಟು ಸೋರುತ್ತಾ?”

“ಸೋರುತ್ತಂತೆ ಅತ್ತೆ,” ಎಂದಳು ಸೊಸೆ, ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟುತ್ತಾ.

ಅವಳನ್ನು ಶಾಲೆಯ ಮಕ್ಕಳೆಲ್ಲ ಕರೆಯುವುದು ವ್ಯಾನಮ್ಮ ಎಂದೇ. ಮಕ್ಕಳಿಂದ ಅವರ ತಾಯಂದಿರ ಬಾಯಿಗೆ, ಅಲ್ಲಿಂದ ಬೀದಿಯವರ ಬಾಯಿಗೆ ಹೋಗಿ ಈಗ ಸ್ವಂತ ಗಂಡನೂ ಹಾಗೇ ಕೂಗುತ್ತಾನೆ. ಹಳೆಯ ಡೀಸೆಲ್ ವ್ಯಾನಿನಲ್ಲಿ ಆ ಬಡಾವಣೆಯ ಮಕ್ಕಳನ್ನು ಶಾಲೆಗೆ ಬಿಟ್ಟು, ಮಧ್ಯಾಹ್ನ ವಾಪಸ್ಸು ಕರೆತಂದು, ವರ್ಷಗಳೇ ಆದವು. ಸುತ್ತಲೂ ಒಂದು ನರಪಿಳ್ಳೆ ಇಲ್ಲದಿದ್ದರೂ ಕೆಂಪು ದೀಪಕ್ಕೆ ನಿಲ್ಲುವವಳು. ಹಿಂದಿನವನು ಹಾರ್ನ್ ಒತ್ತಿ ಒತ್ತಿ ಸತ್ತರೂ ಅಲುಗುವವಳಲ್ಲ. ಬೇರೆಯವರ ಮಕ್ಕಳು ಕೂತಿರುವ ಗಾಡಿ ಇದು ಎನ್ನುವಳು, ಅಲ್ಲಿಗೆ ಮಾತು ಮುಗಿಯಿತು.

ಶಾಲೆಯವರು ಬೇಸಿಗೆ ರಜೆಗೆ ಮುಂಚೆ ಎಲ್ಲ ವ್ಯಾನಿನವರನ್ನೂ ಕರೆದು ಹೇಳಿದ್ದರು: ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಹೊಗೆ ಬಿಡುವ ಗಾಡಿಗಳಿಗೆ ಗೇಟಿನೊಳಗೆ ಜಾಗವಿಲ್ಲ, ವಿದ್ಯುತ್ ವಾಹನವೇ ಬೇಕು, ಅದನ್ನು ಚಾರ್ಜ್ ಮಾಡುವ ಜಾಗಕ್ಕೆ ಪುರಸಭೆಯ ಅನುಮತಿ ಇರಲೇಬೇಕು. ವ್ಯಾನಮ್ಮ ಹಳೆಯದನ್ನು ಕೊಟ್ಟು ಹೊಸ ಗಾಡಿ ತಂದಳು. ಅನುಮತಿಯೊಂದು ಬಾಕಿ. ಅದು ಸಿಗದಿದ್ದರೆ ಅವಳ ದಾರಿಯನ್ನು ದೊಡ್ಡ ಬಸ್ಸುಗಳ ಕಂಪನಿಯೊಂದಕ್ಕೆ ವಹಿಸುತ್ತಾರಂತೆ. ಆ ಕಂಪನಿಯವನು ಆಗಲೇ ಮನೆಮನೆಗೆ ಹೋಗಿ ಮಕ್ಕಳ ವಯಸ್ಸು ಕೇಳಿಕೊಂಡು ಬಂದಿದ್ದ.

ಕೆಲಸ ಹೋಗುವುದು ಒಂದು ಸಂಕಟ. ಅದಕ್ಕಿಂತ ದೊಡ್ಡ ಸಂಕಟ ಗುಬ್ಬಚ್ಚಿಯದು. ಗುಬ್ಬಚ್ಚಿ ಎಂದರೆ ಮೂಲೆಮನೆಯ ಹುಡುಗಿ, ಗಾಲಿಕುರ್ಚಿಯಲ್ಲಿ ಓಡಾಡುವವಳು, ಕೂತಲ್ಲೇ ಇಡೀ ಊರಿಗೆ ಸಾಕಾಗುವಷ್ಟು ಮಾತಾಡುವವಳು. ಅವಳ ಕುರ್ಚಿ ಹತ್ತಲೆಂದೇ ವ್ಯಾನಮ್ಮನ ಗಂಡ ಹಳೆಯ ವ್ಯಾನಿನ ಹಿಂಬಾಗಿಲಿಗೆ ಮಡಚುವ ಹಲಗೆಯೊಂದನ್ನು ಕೂರಿಸಿಕೊಟ್ಟಿದ್ದ, ಅದನ್ನೇ ಬಿಚ್ಚಿ ಹೊಸದಕ್ಕೂ ಹಾಕಿದ್ದ. ಕಂಪನಿಯ ಬಸ್ಸಿನ ಮೆಟ್ಟಿಲು ಎದೆಯೆತ್ತರ. “ನಿಮ್ಮ ವ್ಯಾನ್ ಇಲ್ಲಾಂದ್ರೆ ಇವಳು ಮನೇಲೇ ಇರ್ತಾಳೆ, ಇನ್ನೇನು ಮಾಡ್ಲಿ?” ಎಂದು ಆ ಹುಡುಗಿಯ ತಾಯಿ ಗೇಟಿನ ಬಳಿ ನಿಂತು ಹೇಳಿದ್ದಳು. ಅಳುತ್ತಾ ಹೇಳಿದ್ದರೆ ವ್ಯಾನಮ್ಮ ಸಮಾಧಾನ ಮಾಡುತ್ತಿದ್ದಳು. ಆಕೆ ಗೇಟಿನ ಬದಿಯ ಹಗ್ಗಕ್ಕೆ ಬಟ್ಟೆ ಒಣಗಹಾಕುತ್ತಾ, ಏನೋ ಗೊತ್ತಿದ್ದ ಸಂಗತಿಯನ್ನು ಹೇಳುವಂತೆ ಹೇಳಿಬಿಟ್ಟಳು.

ಹೀಗೆ ಪುರಸಭೆಗೆ ಅಲೆದಾಟ ಶುರುವಾಯಿತು.

ಮೊದಲ ದಿನವೇ ಟೈಪ್ ಮಾಡುವ ಹೆಂಗಸು ಅವಳನ್ನು ಬೀರುವಿನ ಮರೆಗೆ ಕರೆದು ಗುಟ್ಟು ಹೇಳಿದಳು. “ಅಕ್ಕಾ, ನನ್ನ ಹೆಸರು ಎತ್ತಬೇಡಿ. ಮೇಲಿನವರು ಚಾರ್ಜಿಂಗಿಗೆ ನಿಯಮ ಬೇಕು, ಈ ವಾರದಲ್ಲೇ ಬೇಕು ಅಂದ್ರು. ಹೊಸದಾಗಿ ಬರೆಯೋ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲ. ಪೆಟ್ರೋಲ್ ಬಂಕಿನ ಹಳೇ ನಿಯಮ ಇತ್ತು. ಪೆಟ್ರೋಲ್ ಅಂತ ಇರೋ ಕಡೆಯೆಲ್ಲ ವಿದ್ಯುತ್ ಅಂತ ಮಾಡು ಅಂದ್ರು. ಮಾಡಿದೆ. ಕಂಪ್ಯೂಟರಿನಲ್ಲಿ ಅದೆಷ್ಟು ಹೊತ್ತಿನ ಕೆಲಸ?”

“ಯಾರೂ ಓದಿ ನೋಡ್ಲಿಲ್ವಾ?”

“ಓದೋಕೆ ಹೋದ್ರೆ ವಾರದಲ್ಲಿ ಹೇಗೆ ಮುಗಿಯುತ್ತೆ? ಇದೇನು ಹೊಸದಲ್ಲ ಬಿಡಿ. ನಾಯಿ ಸಾಕೋರ ನಿಯಮ ಆಗಿದ್ದು ಸೈಕಲ್ ನಿಯಮದಿಂದ. ಅದಕ್ಕೇ ನೋಡಿ, ನಮ್ಮೂರಲ್ಲಿ ಕತ್ತಲಾದ ಮೇಲೆ ಹೊರಗೆ ಬರೋ ಪ್ರತಿ ನಾಯಿಗೂ ಮುಂದೆ ಒಂದು ದೀಪ, ಹಿಂದೆ ಒಂದು ಬೆಲ್ಲು ಇರ್ಬೇಕು.”

ಇದನ್ನು ಕೇಳಿ ವ್ಯಾನಮ್ಮನಿಗೆ ಧೈರ್ಯವೇ ಬಂತು. ತಪ್ಪು ಎಲ್ಲಾಗಿದೆ ಎಂದು ಗೊತ್ತಾದ ಮೇಲೆ ತಿದ್ದುವುದೆಷ್ಟರ ಕೆಲಸ ಎಂದುಕೊಂಡಳು. ಪಾಪ, ಕಚೇರಿಗಳ ವಿಷಯದಲ್ಲಿ ಅವಳಿನ್ನೂ ಹಾಲುಗಲ್ಲದ ಕೂಸು.

ಅನುಮತಿ ಕೊಡುವವರು ಒಬ್ಬ ಅಧಿಕಾರಿ. ಬಾಯಿ ಬಿಟ್ಟರೆ ಯಾವುದಾದರೊಂದು ಕಲಂ ಉದುರುತ್ತಿದ್ದುದರಿಂದ ಕಚೇರಿಯಲ್ಲಿ ಎಲ್ಲರೂ ಅವರಿಗಿಟ್ಟ ಹೆಸರು ಕಲಂ ಸಾಹೇಬರು. ಮೇಜಿನ ಮೇಲೆ ಧೂಳಿಲ್ಲ, ಕಾಗದದ ರಾಶಿಯಿಲ್ಲ. ಬಂದವರನ್ನು ನಿಲ್ಲಿಸಿ ಮಾತಾಡಿಸುವವರಲ್ಲ. ಯಾರ ಕೈಯಿಂದಲೂ ಒಂದು ಲೋಟ ಚಹಾ ಕುಡಿದವರಲ್ಲ. ಅದೇ ದೊಡ್ಡ ತೊಂದರೆ. ಕೈ ಚಾಚುವ ಮನುಷ್ಯನಾಗಿದ್ದರೆ ಶಾಪ ಹಾಕುತ್ತಲಾದರೂ ಒಂದು ದಾರಿ ಹುಡುಕಬಹುದಿತ್ತು. ಈ ಮನುಷ್ಯನ ಸಭ್ಯತೆಯ ಗೋಡೆಗೆ ಒಂದು ಬಿರುಕೂ ಇರಲಿಲ್ಲ.

“ಕೂತ್ಕೊಳ್ಳಿ ಅಮ್ಮ,” ಎಂದರು ಅವರು. “ಹೇಳಿ.”

“ಸಾರ್, ಕರೆಂಟು ಟ್ಯಾಂಕಲ್ಲಿ ನಿಲ್ಲಲ್ಲ.”

“ನಿಲ್ಲುತ್ತೆ ಅಂತ ನಾನು ಹೇಳಿದ್ನಾ? ಟ್ಯಾಂಕು ಇರಬೇಕು ಅಂತ ಕಲಂ ಹೇಳುತ್ತೆ. ಅದರೊಳಗೆ ನಿಲ್ಲೋದು ಬಿಡೋದು ಕರೆಂಟಿಗೆ ಬಿಟ್ಟ ವಿಚಾರ.”

“ಇದು ಪೆಟ್ರೋಲ್ ಬಂಕಿನ ನಿಯಮ ಸಾರ್. ನಕಲು ಮಾಡುವಾಗ ತಪ್ಪಾಗಿದೆ. ನಿಮಗೂ ಗೊತ್ತು.”

“ಗೊತ್ತು,” ಎಂದರು ಕಲಂ ಸಾಹೇಬರು. ಮುಖದಲ್ಲಿ ನಾಚಿಕೆಯಿಲ್ಲ, ಸಿಟ್ಟಿಲ್ಲ. “ತಪ್ಪು ಅಂತ ಗೊತ್ತಿರೋದು ಬೇರೆ, ತಪ್ಪು ಅಂತ ಆಗೋದು ಬೇರೆ. ತಪ್ಪು ಅಂತ ಆಗಬೇಕಾದ್ರೆ ತಿದ್ದುಪಡಿ ಸಮಿತಿ ಕೂರಬೇಕು. ಸಮಿತಿ ಕೂರೋಕೆ ಸದಸ್ಯರು ಬೇಕು. ಸದಸ್ಯರನ್ನ ಆರಿಸೋ ನಿಯಮ ಇನ್ನೂ ಆಗಿಲ್ಲ.”

ಅದನ್ನು ಯಾವುದರಿಂದ ನಕಲು ಮಾಡುತ್ತೀರಿ ಎಂಬ ಮಾತು ವ್ಯಾನಮ್ಮನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. “ಹಾಗಾದ್ರೆ ನಾನೇನು ಮಾಡ್ಲಿ ಸಾರ್? ಶಾಲೆ ಶುರುವಾಗೋಕೆ ಇನ್ನೆಷ್ಟು ದಿನ ಉಳಿದಿದೆ?”

“ಟ್ಯಾಂಕು ಹೂಳಿ ಅಮ್ಮ. ಹೂತ ತಕ್ಷಣ ತಿಳಿಸಿ. ಒಂದು ದಿನವೂ ತಡ ಮಾಡದೆ ಪರಿಶೀಲನೆಗೆ ಬರ್ತೀನಿ, ಅದು ನನ್ನ ಮಾತು.”

ಅವಳು ಇನ್ನೂ ಹಲವು ಸಲ ಹೋದಳು. ಒಮ್ಮೆ ಬೇಡಿಕೊಂಡಳು, ಒಮ್ಮೆ ಜಗಳವಾಡಿದಳು, ಒಮ್ಮೆ ಗುಬ್ಬಚ್ಚಿಯ ಕತೆಯನ್ನೆಲ್ಲ ಹೇಳಿಕೊಂಡಳು. ಸಾಹೇಬರು ಪ್ರತಿ ಸಲವೂ ಪೂರ್ತಿ ಕೇಳಿಸಿಕೊಂಡರು. ಗುಬ್ಬಚ್ಚಿಯ ವಿಷಯಕ್ಕೆ ನಿಜವಾಗಿಯೂ ಮರುಗಿದರು, ಕನ್ನಡಕ ತೆಗೆದು ಒರೆಸಿಕೊಂಡರು ಕೂಡ. ಕನ್ನಡಕ ಹಾಕಿಕೊಂಡ ಮೇಲೆ ಕಲಂ ಏಳು ಇದ್ದಲ್ಲೇ ಇತ್ತು.

ಮನೆಯ ಅಂಗಳವೇನು ಮೈದಾನವಲ್ಲ. ಅರ್ಧಕ್ಕೆ ವ್ಯಾನ್ ನಿಲ್ಲಲು ಸಿಮೆಂಟು ಹಾಕಿದ್ದಾರೆ. ಟ್ಯಾಂಕು ಗೋಡೆಗೆ ಹತ್ತಿರ ಇರಬಾರದು, ಒಲೆಗೆ ಹತ್ತಿರ ಇರಬಾರದು, ರಸ್ತೆಗೆ ಹತ್ತಿರ ಇರಬಾರದು. ಎಲ್ಲ ಬಿಟ್ಟು ಉಳಿಯುವ ಜಾಗ ಒಂದೇ. ಅಲ್ಲಿ ಅತ್ತೆಯ ನಿಂಬೆಗಿಡ ಇತ್ತು. ಗಿಡ ಎನ್ನುವುದು ಬಾಯಿಮಾತಿಗೆ, ಅದು ಬೆಳೆದು ಮರವೇ ಆಗಿತ್ತು. ಬೀಜ ಹಾಕಿ ಎಬ್ಬಿಸಿದವಳು ಅತ್ತೆ. ನೀರು ಹಾಕುವ ಹೊತ್ತಿಗೆ ಅದರೊಂದಿಗೆ ಮಾತಾಡುತ್ತಿದ್ದಳು, ಸೊಸೆಯ ಮೇಲಿನ ದೂರುಗಳನ್ನೂ ಅದಕ್ಕೇ ಹೇಳುತ್ತಿದ್ದಳು. ಸೊಸೆಗೆ ಕೇಳಿಸುವಷ್ಟು ದನಿಯಲ್ಲಿ.

ವಿಷಯ ತಿಳಿದ ದಿನ ಅತ್ತೆ ಊಟ ಬಿಟ್ಟು ಎದ್ದು ಹೋದಳು. ಮಗ ಅದೂ ಇದೂ ಹೇಳಿ ನೋಡಿದ. ಸೊಸೆಗೆ ಮಾತಾಡಲು ಮುಖವಿರಲಿಲ್ಲ. ಮಾರನೆಯ ಬೆಳಿಗ್ಗೆ ಗಂಡಹೆಂಡಿರು ಎದ್ದು ಬರುವಷ್ಟರಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡಲಿ ಹಿಡಿದು ಗಿಡದ ಬುಡದಲ್ಲಿ ನಿಂತಿದ್ದಳು.

“ಅಮ್ಮಾ, ಕೊಡು ಇಲ್ಲಿ, ನಾನು ಕಡೀತೀನಿ.”

“ಸುಮ್ನಿರೋ. ಮೊದಲ ಏಟು ನನ್ನದು. ಇದನ್ನ ಬೇರೆಯವರ ಕೈಲಿ ಹೊಡೆಸೋಕೆ ನನಗೆ ಮನಸ್ಸಿಲ್ಲ.” ಹಾಗೆಂದು ಸೊಸೆಯ ಕಡೆ ತಿರುಗಿದಳು. “ಆ ಹುಡುಗಿ ಶಾಲೆಗೆ ಹೋಗ್ಬೇಕು ತಾನೇ? ಹಾಗಿದ್ಮೇಲೆ ಮುಖ ಸಣ್ಣಗೆ ಮಾಡ್ಕೊಂಡು ನಿಂತ್ಕೋಬೇಡ. ಗುದ್ದಲಿ ತಗೊಂಡು ಬಾ.”

ಗಿಡ ಬಿದ್ದಾಗ ಅಂಗಳವೆಲ್ಲ ನಿಂಬೆಯ ಘಮ. ವ್ಯಾನಮ್ಮ ಗುದ್ದಲಿ ತರುವ ನೆಪದಲ್ಲಿ ಹಿತ್ತಲಿಗೆ ಹೋಗಿ ಅತ್ತಳು. ಕಲಂ ಸಾಹೇಬರನ್ನು ಬೈದಳು, ಪುರಸಭೆಯನ್ನು ಬೈದಳು, ಕೊನೆಗೆ ವಿದ್ಯುತ್ತನ್ನು ಕಂಡುಹಿಡಿದವನು ಯಾವನೋ ಅವನನ್ನೂ ಬಿಡಲಿಲ್ಲ.

ಗುಂಡಿ ಆಳಕ್ಕೆ ಹೋದಂತೆ ಬೀದಿಯವರಿಗೆ ಹಬ್ಬವಾಯಿತು. ಬಾವಿಯೇ ಎಂದು ಒಬ್ಬರು, ನಿಧಿಯೇ ಎಂದು ಇನ್ನೊಬ್ಬರು. ಕರೆಂಟಿಗೆ ಎಂದಾಗ ಎದುರುಮನೆಯಾತ ಗೇಟಿನ ಮೇಲೆ ಕೈಯೂರಿ, “ತುಂಬಿದ ಮೇಲೆ ನಮಗೂ ಒಂದು ಬಕೆಟ್ ಕಳಿಸಿಕೊಡಿ, ಸಂಜೆ ಹೊತ್ತು ನಮ್ಮ ಮನೇಲಿ ಓಲ್ಟೇಜ್ ಇರಲ್ಲ,” ಎಂದ. ವ್ಯಾನಮ್ಮ ಕೈಯಲ್ಲಿದ್ದ ಮಣ್ಣಿನ ಬುಟ್ಟಿಯನ್ನು ಅವನ ಕಾಲಬುಡಕ್ಕೆ ಸುರಿದಳು.

ಗಂಡ ಇನ್ನೊಂದು ತರಹ. ಗುಂಡಿಯ ಗೋಡೆಗೆ ಒಳಗಿನಿಂದ ನೀಲಿ ಟೈಲ್ಸ್ ಅಂಟಿಸುತ್ತಾ ಕೂತಿದ್ದ. ಯಾವುದೋ ಕೆಲಸದಲ್ಲಿ ಉಳಿದ ಟೈಲ್ಸು, ಸಾಲು ಒಂದು ಕೂದಲೆಳೆಯೂ ಸೊಟ್ಟಗಿಲ್ಲ.

“ಮಣ್ಣು ಮುಚ್ಚೋ ಗುಂಡಿಗೆ ಟೈಲ್ಸ್ ಯಾಕ್ರೀ?”

“ಹುಚ್ಚು ಕೆಲಸ ಮಾಡೋದೇ ಆದ್ರೆ ನೀಟಾಗಿ ಮಾಡೋಣ ಬಿಡು.”

ಅದರೊಳಗೆ ಪ್ಲಾಸ್ಟಿಕ್ಕಿನ ನೀರಿನ ಟ್ಯಾಂಕನ್ನು ಇಳಿಸಿದ್ದಾಯಿತು. ಬಾಯಿಯನ್ನು ಮಾತ್ರ ಮೇಲಕ್ಕೆ ಬಿಟ್ಟು ಮಣ್ಣು ಮುಚ್ಚಿದ್ದಾಯಿತು. ವಿದ್ಯುತ್ ಚೆಲ್ಲಿದರೆ ಮೇಲೆ ಹಾಕಲು ಮರಳಿನ ಕೆಂಪು ಬಕೆಟ್ಟುಗಳು, ಅಳತೆಯಲ್ಲಿ ಮೋಸವಿದೆಯೇ ಎಂದು ನೋಡಲು ಲೀಟರಿನ ಪಾತ್ರೆ, ಇಂಜಿನ್ ನಿಲ್ಲಿಸಿ ಎಂಬ ಫಲಕ; ಗಾಡಿಗೆ ಇಂಜಿನ್ನೇ ಇಲ್ಲ ಎಂಬುದನ್ನು ಯಾರಿಗೆ ಹೇಳುವುದು? ಚಾರ್ಜಿಂಗ್ ಪೆಟ್ಟಿಗೆ ಗೋಡೆಗೆ ಬಂದು ಕೂತಿತು. ಲೈನ್‌ಮನ್ ಬಂದು ತಂತಿ ಕೊಟ್ಟು, ಎಲ್ಲ ಸರಿಯಾಗಿದೆ ಎಂದು ಹೇಳಿ, ಟ್ಯಾಂಕನ್ನು ಬಗ್ಗಿ ನೋಡಿ, ಏನೂ ಕೇಳದೆ ಹೊರಟುಹೋದ.

ಮಾತು ಕೊಟ್ಟ ಹಾಗೆ ಕಲಂ ಸಾಹೇಬರು ಒಂದು ದಿನವೂ ತಡ ಮಾಡದೆ ಬಂದರು. ಜೊತೆಗೆ ಅಗ್ನಿಶಾಮಕ ಠಾಣೆಯ ಒಬ್ಬ ಭಾರಿ ಆಳು. ಆತ ಬೆವರು ಒರೆಸಿಕೊಳ್ಳುತ್ತಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವನೇ ಎಲ್ಲದಕ್ಕೂ ತಲೆಯಾಡಿಸುತ್ತಿದ್ದ.

“ಕಲಂ ಹನ್ನೊಂದು,” ಎಂದರು ಸಾಹೇಬರು. “ಆವರಣದಲ್ಲಿ ವಿದ್ಯುತ್ತಿನ ವಾಸನೆ ಇರತಕ್ಕದ್ದಲ್ಲ. ನೀವು ನೋಡಿ ಹೇಳಿ.”

ಅಗ್ನಿಶಾಮಕದವನು ಎದ್ದು ಅಂಗಳದ ನಾಲ್ಕೂ ಮೂಲೆಯಲ್ಲಿ ಮೂಸಿ ನೋಡಿ ಬಂದ. “ಈರುಳ್ಳಿ ಹುರಿದ ವಾಸನೆ ಇದೆ.”

“ವಿದ್ಯುತ್ತಿನದು?”

“ಅದರ ವಾಸನೆ ಹೇಗಿರುತ್ತೆ ಸಾರ್?”

“ಇಲ್ಲ ಅಂತ ಬರ್ಕೊಳ್ತೀನಿ,” ಎಂದರು ಸಾಹೇಬರು. ಆಮೇಲೆ ಟ್ಯಾಂಕಿನ ಬಳಿ ಬಂದು ಬಗ್ಗಿದರು. “ಒಳಗೆ ಏನಿದೆ?”

“ಏನಿರುತ್ತೆ ಸಾರ್? ಏನೂ ಇಲ್ಲ.”

“ಏನೂ ಇಲ್ಲದೆ ಇದ್ರೆ, ಸೋರ್ತಿಲ್ಲ ಅಂತ ನಾನು ಹೇಗೆ ಬರೀಲಿ?”

ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು, ಅದಕ್ಕೇ ಇನ್ನಷ್ಟು ಮೈ ಉರಿಯಿತು. ನಲ್ಲಿಗೆ ಪೈಪು ಸಿಕ್ಕಿಸಿ ಟ್ಯಾಂಕಿನ ಕುತ್ತಿಗೆಯವರೆಗೆ ನೀರು ತುಂಬಿಸಿದರು. ಗಂಡ ಪೆನ್ಸಿಲಿನಲ್ಲಿ ಗೆರೆ ಎಳೆದ. ಎಲ್ಲರೂ ಸುತ್ತ ಕುರ್ಚಿ ಹಾಕಿಕೊಂಡು ಕೂತು ನೀರನ್ನು ನೋಡಿದರು. ಅತ್ತೆ ಬಾಗಿಲಲ್ಲಿ ನಿಂತು, ತನ್ನ ಗಿಡವಿದ್ದ ಜಾಗದಲ್ಲಿ ದೊಡ್ಡವರೆಲ್ಲ ಬಾಯಿಮುಚ್ಚಿ ಕೂತಿರುವುದನ್ನು ನೋಡಿದಳು. ನೀರು ಗೆರೆಯಿಂದ ಕೆಳಗಿಳಿಯಲಿಲ್ಲ. ಸಾಹೇಬರು ಮೊದಲ ಬಾರಿಗೆ ನಕ್ಕರು.

“ಬಹಳ ಚೆನ್ನಾಗಿ ಮಾಡಿದ್ದೀರಿ. ಇಡೀ ಊರಿನಲ್ಲಿ ಕಲಂ ಏಳನ್ನ ಪೂರೈಸಿದವರು ನೀವೊಬ್ಬರೇ.”

ವ್ಯಾನಮ್ಮನ ಎದೆ ಹಗುರಾಯಿತು. ಗುಬ್ಬಚ್ಚಿಯ ತಾಯಿಗೆ ಈಗಲೇ ಹೋಗಿ ಹೇಳಬೇಕೆನಿಸಿತು. ಅಷ್ಟರಲ್ಲಿ ಸಾಹೇಬರು ಹಾಳೆ ತಿರುವಿದರು.

“ಕಲಂ ಹತ್ತೊಂಬತ್ತು. ‘ವಿದ್ಯುತ್ ತುಂಬಿಸುವ ಯಂತ್ರಕ್ಕೆ ತಾಗಿದಂತೆ ಯಾವುದೇ ವಿದ್ಯುತ್ ತಂತಿ ಇರತಕ್ಕದ್ದಲ್ಲ.’ ಈ ಪೆಟ್ಟಿಗೆಗೆ ಬಂದಿರೋದು ಏನು?”

“ತಂತಿ ಸಾರ್.”

“ಅದನ್ನ ತೆಗೀಬೇಕು.”

ಅಗ್ನಿಶಾಮಕದವನು ತಲೆಯಾಡಿಸುವುದನ್ನು ಮರೆತ.

“ತೆಗೆದ್ರೆ ಕರೆಂಟು ಎಲ್ಲಿಂದ ಬರುತ್ತೆ ಸಾರ್?” ಎಂದಳು ವ್ಯಾನಮ್ಮ.

“ಅದರ ಬಗ್ಗೆ ಕಲಂ ಏನೂ ಹೇಳಲ್ಲ. ತಂತಿ ತೆಗೆದ್ರೆ ಇಲ್ಲೇ, ಈಗಲೇ ಅನುಮತಿಗೆ ಸಹಿ ಹಾಕ್ತೀನಿ.”

ಗಂಡ ಅವಳ ಕಿವಿಯ ಹತ್ತಿರ ಬಂದ. “ತೆಗೆದುಬಿಡೋಣ ಕಣೇ. ಇವರು ಆ ತಿರುವು ದಾಟಿದ ಮೇಲೆ ಮತ್ತೆ ಹಾಕ್ಕೊಂಡ್ರಾಯ್ತು. ಯಾರು ಬಂದು ನೋಡ್ತಾರೆ?”

ಯಾರಾದರೂ ಹಾಗೇ ಮಾಡುತ್ತಿದ್ದರು. ಈ ಕತೆಯನ್ನು ಓದುವವರೂ ಹಾಗೇ ಮಾಡುತ್ತಿದ್ದರು. ಆದರೆ ವ್ಯಾನಮ್ಮನಿಗೆ ಅದು ಆಗದ ಮಾತು. ನಾಳೆ ಏನೋ ಆಗಿ, ಕದ್ದು ಹಾಕಿದ ತಂತಿಯಿಂದ ಓಡಿಸಿದ ಗಾಡಿ ಎಂದಾದರೆ, ತಾಯಂದಿರ ಮುಖವನ್ನು ಅವಳು ಹೇಗೆ ನೋಡಬೇಕು? “ಬೇಡ. ಮಕ್ಕಳನ್ನ ಕೂರಿಸ್ಕೊಂಡು ಕಳ್ಳತನ ಮಾಡಲ್ಲ ನಾನು,” ಎಂದಳು. ಆಮೇಲೆ ಸಾಹೇಬರ ಕಡೆ ತಿರುಗಿ, ಅಷ್ಟು ದಿನ ತಡೆದದ್ದನ್ನೆಲ್ಲ ಕಕ್ಕಿದಳು. “ಸಾರ್, ನಮ್ಮತ್ತೆ ಸಾಕಿದ ಮಗು ತರ ಇದ್ದ ಗಿಡ ಕಡಿದಿದ್ದಾರೆ. ನನ್ನ ಗಂಡ ಕೆಲಸ ಬಿಟ್ಟು ಗುಂಡಿಗೆ ಟೈಲ್ಸ್ ಹಾಕಿದ್ದಾರೆ. ಬೀದಿಯವರೆಲ್ಲ ನಮ್ಮನ್ನ ಹುಚ್ಚರು ಅಂತಾರೆ. ನೀವು ಹೇಳಿದ್ದೆಲ್ಲ ಮಾಡಿದ್ವಿ. ಈಗ ಕರೆಂಟಿಲ್ಲದೆ ಚಾರ್ಜ್ ಮಾಡು ಅಂತೀರಲ್ಲ, ನಿಮಗೆ ಮನುಷ್ಯತ್ವ ಅನ್ನೋದು ಇದೆಯಾ?”

“ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ ಅಮ್ಮ,” ಎಂದರು ಕಲಂ ಸಾಹೇಬರು. ಅರ್ಥವಾಗಿತ್ತು ಕೂಡ, ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಅರ್ಜಿಯ ಮೇಲೆ ಅಂದವಾದ ಅಕ್ಷರದಲ್ಲಿ ‘ತಿರಸ್ಕರಿಸಿದೆ’ ಎಂದು ಬರೆದು, ಅತ್ತೆಗೆ ನಮಸ್ಕಾರ ಹೇಳಿ ಹೊರಟರು.

ಶಾಲೆ ತೆರೆಯುವ ಹಿಂದಿನ ದಿನ ವ್ಯಾನಮ್ಮ ಕೊನೆಯದೊಂದು ಸಲ ಎಂದು ಪುರಸಭೆಗೆ ಹೋದಳು. ಏನು ಕೇಳಬೇಕು ಎಂದು ಅವಳಿಗೇ ಗೊತ್ತಿರಲಿಲ್ಲ. ಸಾಹೇಬರು ಯಾವುದೋ ಸಭೆಯಲ್ಲಿದ್ದರು. ಬೆಂಚಿನ ಮೇಲೆ ಕೂತು ಕೂತು ಗಂಟಲ ಪಸೆ ಆರಿತು. ನೀರಿನ ನಲ್ಲಿ ಹಿಂದುಗಡೆ ಇದೆ ಎಂದು ಟೈಪ್ ಮಾಡುವ ಹೆಂಗಸು ತೋರಿಸಿದಳು. ಇಷ್ಟು ದಿನ ಓಡಾಡಿದರೂ ವ್ಯಾನಮ್ಮ ಕಟ್ಟಡದ ಹಿಂದಕ್ಕೆ ಹೋಗಿರಲಿಲ್ಲ.

ಹಿಂದೆ ದೊಡ್ಡ ಅಂಗಳ. ಗೋಡೆಯುದ್ದಕ್ಕೂ ಕಸ ಒಯ್ಯುವ ಗಾಡಿಗಳು ಸಾಲಾಗಿ ನಿಂತಿದ್ದವು. ಎಲ್ಲವೂ ಹೊಸ ವಿದ್ಯುತ್ ಗಾಡಿಗಳು. ಗೋಡೆಯಲ್ಲಿ ತನ್ನ ಮನೆಯಲ್ಲಿದ್ದಂಥದೇ ಪೆಟ್ಟಿಗೆಗಳು, ಪೆಟ್ಟಿಗೆಗಳಿಂದ ಗಾಡಿಗಳಿಗೆ ಕಪ್ಪು ತಂತಿ. ಮರಳಿಲ್ಲ, ಪಾತ್ರೆಯಿಲ್ಲ, ಫಲಕವಿಲ್ಲ. ಗಾಡಿ ಓಡಿಸುವ ಹೆಂಗಸೊಬ್ಬಳು ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದಳು.

“ಅಕ್ಕಾ, ಇಲ್ಲಿ ಟ್ಯಾಂಕು ಎಲ್ಲಿದೆ?”

“ನೀರಿಂದಾ? ಮಹಡಿ ಮೇಲಿದೆ.”

“ನೆಲದೊಳಗೆ ಹೂತಿರೋದು?”

ಆ ಹೆಂಗಸು ಇವಳನ್ನು ಮೇಲಿಂದ ಕೆಳಗೆ ನೋಡಿದಳು. “ನೆಲದೊಳಗೆ ಯಾಕೆ ಹೂಳ್ತಾರೆ?”

ವ್ಯಾನಮ್ಮ ನೀರು ಕುಡಿಯುವುದನ್ನೇ ಮರೆತು ಒಳಗೆ ನುಗ್ಗಿದಳು. ಸಾಹೇಬರು ಆಗಷ್ಟೇ ಸಭೆ ಮುಗಿಸಿ ಕುರ್ಚಿಗೆ ಬಂದಿದ್ದರು. ಕೂತ್ಕೊಳ್ಳಿ ಎಂದರು. ಅವಳು ಕೂರಲಿಲ್ಲ.

“ಹಿಂದುಗಡೆ ಕಸದ ಗಾಡಿ ಚಾರ್ಜ್ ಮಾಡ್ತಿದ್ದೀರಲ್ಲ, ಅದಕ್ಕೆ ಟ್ಯಾಂಕೆಲ್ಲಿದೆ?”

“ಕಲಂ ಇಪ್ಪತ್ತೆರಡು,” ಎಂದರು ಅವರು. “ಕೊನೇ ಕಲಂ. ‘ಈ ನಿಯಮಗಳು ಪುರಸಭೆಯ ಸ್ವಂತ ಕಟ್ಟಡ ಹಾಗೂ ಆವರಣಗಳಿಗೆ ಅನ್ವಯಿಸತಕ್ಕದ್ದಲ್ಲ.’ ನಮ್ಮ ಎಲ್ಲ ನಿಯಮಗಳಲ್ಲೂ ಇರುತ್ತೆ. ಅರ್ಜಿ ಜೊತೆ ಕೊಡೋ ಪ್ರತೀಲಿ ಹದಿನೆಂಟರ ತನಕ ಮಾತ್ರ ಅಚ್ಚಾಗಿದೆ.”

ವ್ಯಾನಮ್ಮ ಮೇಜಿನ ಅಂಚು ಹಿಡಿದುಕೊಂಡಳು. ಮಾತನ್ನು ಒಂದೊಂದಾಗಿ ಆರಿಸಿ ಇಟ್ಟಳು. “ಆ ಅಂಗಳದಲ್ಲಿ, ಕಸದ ಗಾಡಿ ಪಕ್ಕ, ನನ್ನ ವ್ಯಾನ್ ನಿಲ್ಲಿಸಿ ಚಾರ್ಜ್ ಮಾಡಬಹುದಾ?”

“ಮಾಡಬಹುದು. ಆವರಣ ನಮ್ಮದಾಗಿರಬೇಕು ಅಂತ ಇದೆ. ವಾಹನ ಯಾರದು ಅಂತ ಇಲ್ಲ.”

“ಅದಕ್ಕೆ ಅನುಮತಿ ಪತ್ರ ಕೊಡ್ತೀರಾ? ಶಾಲೆಯವರಿಗೆ ತೋರಿಸೋ ಹಾಗೆ?”

“ಈಗಲೇ ಕೊಡ್ತೀನಿ. ಒಂದು ಸಾಲಿನ ಅರ್ಜಿ ಸಾಕು.”

ಕೊಟ್ಟರು ಕೂಡ. ಟೈಪ್ ಮಾಡುವ ಹೆಂಗಸು ಟೈಪ್ ಮಾಡಿದಳು, ಸಾಹೇಬರು ಸಹಿ ಹಾಕಿದರು, ಮೊಹರು ಬಿತ್ತು. ಬೆಳಿಗ್ಗೆ ಮಕ್ಕಳನ್ನು ಬಿಟ್ಟ ಮೇಲಿನಿಂದ ಮಧ್ಯಾಹ್ನ ಕರೆತರುವವರೆಗೆ ವ್ಯಾನ್ ಅಲ್ಲಿ ನಿಲ್ಲಬಹುದು. ಇಡೀ ಬೇಸಿಗೆ ಯಾವುದಕ್ಕೆ ಚಪ್ಪಲಿ ಸವೆಸಿದ್ದಳೋ ಅದು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತಿನಲ್ಲಿ ಕೈಗೆ ಬಂದಿತ್ತು. ಕಾಗದ ಹಿಡಿದುಕೊಂಡು ಅವಳು ಅಲ್ಲೇ ನಿಂತಳು.

“ಸಾರ್, ಈ ಕಲಂ ನಿಮಗೆ ಮೊದಲ ದಿನವೇ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಕಲಂ ಸಾಹೇಬರಿಗೆ ಈ ಪ್ರಶ್ನೆಯಿಂದ ನಿಜಕ್ಕೂ ಆಶ್ಚರ್ಯವಾಯಿತು. “ನೀವು ಕೇಳಲಿಲ್ಲವಲ್ಲ ಅಮ್ಮ. ನೀವು ಕೇಳಿದ್ದು ಮನೇಲಿ ಹಾಕ್ಕೊಳ್ಳೋಕೆ. ಕೇಳಿದ್ದಕ್ಕೆ ಉತ್ತರ ಕೊಟ್ಟೆ.”

ಅವಳ ಬಾಯಿಗೆ ಬಂದ ಬೈಗುಳಗಳೆಲ್ಲ ಒಂದನ್ನೊಂದು ತಳ್ಳಾಡಿಕೊಂಡು ಒಂದೂ ಹೊರಬರಲಿಲ್ಲ. ಕೊನೆಗೆ ಹೇಳಿದ್ದು ಇಷ್ಟು: “ಇನ್ನೂ ನಾನು ಕೇಳದೆ ಇರೋದು ಏನೇನಿದೆ? ಅದನ್ನಾದ್ರೂ ಹೇಳಿಬಿಡಿ.”

ಸಾಹೇಬರು ಗಂಭೀರವಾಗಿ ಯೋಚಿಸಿದರು. ಸಹಾಯ ಮಾಡುವ ಮನಸ್ಸು ಅವರಿಗಿತ್ತು. “ಅದನ್ನ ಬರವಣಿಗೇಲಿ ಕೇಳಿ,” ಎಂದರು.

ಮಾರನೆಯ ದಿನ ಶಾಲೆ ತೆರೆಯಿತು. ಗೇಟಿನಲ್ಲಿ ಕಾಗದ ತೋರಿಸಬೇಕೆಂದು ಅದನ್ನು ಮಡಚಿ ಕಿಸೆಗಿಟ್ಟುಕೊಂಡು ವ್ಯಾನಮ್ಮ ಹೊರಟಳು. ಗೆದ್ದವಳು ಅವಳೇ. ದಾರಿ ಉಳಿದಿತ್ತು, ಮೂಲೆಮನೆಯ ಮುಂದೆ ಹಲಗೆ ಇಳಿಸಿದಾಗ ಗುಬ್ಬಚ್ಚಿ ಹೊಸ ಚೀಲ ತೊಡೆಯ ಮೇಲಿಟ್ಟುಕೊಂಡು ರಾಣಿಯ ಹಾಗೆ ಹತ್ತಿದಳು. ಅವಳ ತಾಯಿ ಏನೋ ಹೇಳಲು ಬಂದು ಕಣ್ಣು ಒರೆಸಿಕೊಂಡು ಒಳಗೆ ಹೋದಳು. ಇಷ್ಟಾದರೂ ವ್ಯಾನಮ್ಮನಿಗೆ ಸಂತೋಷ ಬರಲೊಲ್ಲದು. ಹಿಂದಿನ ರಾತ್ರಿ ಅತ್ತೆಗೆ ಎಲ್ಲವನ್ನೂ ಹೇಳಿದಾಗ ಅತ್ತೆ, “ಹೋಗ್ಲಿ ಬಿಡು,” ಎಂದು ಮಗ್ಗುಲು ಬದಲಿಸಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೋಪವೆಲ್ಲ ಎದೆಯಲ್ಲೇ ಕುದಿಯುತ್ತಿತ್ತು, ಅದನ್ನು ಯಾರ ಮೇಲೆ ಸುರಿಯಬೇಕೋ ಅವರ ಮೇಲೆ ಸುರಿಯಲು ಯಾವ ಕಲಮ್ಮೂ ಇರಲಿಲ್ಲ.

ಹಿಂದೆ ಮಕ್ಕಳ ಗಲಾಟೆ ಮುಗಿಲು ಮುಟ್ಟಿತ್ತು. ಅದರ ನಡುವಿನಿಂದ ಗುಬ್ಬಚ್ಚಿಯ ದನಿ ಬಂತು. “ವ್ಯಾನಮ್ಮಾ, ಕಿಟಕಿ ತೆಗೀಲಾ? ಸೆಕೆ ಆಗ್ತಿದೆ.” ಉತ್ತರ ಬಾರದಿದ್ದಕ್ಕೆ ಮತ್ತೆ ಕೇಳಿದಳು. “ವ್ಯಾನಮ್ಮಾ, ಕಿಟಕಿ...”

“ಬರವಣಿಗೇಲಿ ಕೇಳು!”

ಮಕ್ಕಳ ಗಲಾಟೆ ಗಕ್ಕನೆ ನಿಂತಿತು. ಇಷ್ಟು ವರ್ಷಗಳಲ್ಲಿ ವ್ಯಾನಮ್ಮ ಹಾಗೆ ಕಿರುಚಿದ್ದನ್ನು ಯಾವ ಮಗುವೂ ಕಂಡಿರಲಿಲ್ಲ. ಅವಳೂ ಕಂಡಿರಲಿಲ್ಲ. ಏನಾದರೂ ಹೇಳಬೇಕೆಂದು ಹುಡುಕುತ್ತಿದ್ದಾಗ ಹಿಂದೆ ಚೀಲದ ಜಿಪ್ಪು ಎಳೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಹಾಳೆ ಹರಿದ ಸದ್ದು. ಮಡಚಿದ ಕಾಗದವೊಂದು ಕೈಯಿಂದ ಕೈಗೆ, ಸೀಟಿನಿಂದ ಸೀಟಿಗೆ ದಾಟಿ ಮುಂದೆ ಬಂತು. ಕೆಂಪು ದೀಪಕ್ಕೆ ನಿಂತಾಗ ಅವಳು ಬಿಡಿಸಿದಳು. ಹೊಸ ನೋಟುಬುಕ್ಕಿನ ಮೊದಲ ಹಾಳೆ. ದುಂಡಗಿನ ಅಕ್ಷರ.

‘ವ್ಯಾನಮ್ಮನವರಿಗೆ. ಕಿಟಕಿ ತೆಗೆಯಲು ದಯವಿಟ್ಟು ಅನುಮತಿ ಕೊಡಿ. ಇಂತಿ, ಗುಬ್ಬಚ್ಚಿ.’

ದೀಪ ಹಸಿರಾಯಿತು. ವ್ಯಾನಮ್ಮ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಇಳಿದು, ಹಿಂದಕ್ಕೆ ಹೋದಳು. ಗುಬ್ಬಚ್ಚಿಯ ಪಕ್ಕದ ಕಿಟಕಿಯನ್ನು ತಾನೇ ಸರಿಸಿ, ಅವಳ ಕುರ್ಚಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಕಣ್ಣಲ್ಲಿ ನೀರು ತುಂಬಿ ಹುಡುಗಿಯ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

“ತಪ್ಪಾಯ್ತು ಮರಿ. ಇನ್ಮೇಲೆ ಬರೀಬೇಡ. ನಿನಗೆ ಏನು ಬೇಕಾದ್ರೂ ಬಾಯಲ್ಲೇ ಕೇಳು.”

ಗುಬ್ಬಚ್ಚಿ ಅವಳನ್ನೇ ನೋಡಿದಳು. ಅವಳಿಗೆ ಇದು ಅರ್ಥವಾದಂತೆ ಕಾಣಲಿಲ್ಲ.

“ಬಾಯಲ್ಲೇ ಕೇಳಿದ್ನಲ್ಲ,” ಎಂದಳು.